ಕಬ್ಬಿಣದ ಕಡಲೆಗೆ ಕಬ್ಬಿಣದ ಹಲ್ಲು

(ಬೆಳಗಾವಿ ಬಳಿಯ ಕಾಕತಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ‘ಕಡಲ ಬಸವನಹುಳು ಮತ್ತು ದೈತ್ಯ ಉಡ: ಒಂದು ಹೋಲಿಕೆ’ ಎಂದು ಅಚ್ಚಾದದ್ದನ್ನು ನೋಡಿ ಗೆಳೆಯರೊಬ್ಬರು ಬೆಳಗ್ಗೆ ಬೆಳಗ್ಗೆಯೇ ಫೋನ್ ಮಾಡಿದರು. “ಏನ್ರೀ ಸರ, ಕಿತ್ತೂರು ಚೆನ್ನಮ್ಮನ ತವರೂರಿಗೆ ಹೋಗಿ ಹುಳ-ಹುಪ್ಪಟಿ ಮಾತಾಡ್ತೀರೇನ್ರಿ?” ಎಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಎರಡು ವಸ್ತುಗಳ ನಡುವೆ ಏನೇನೂ ಸಂಬಂಧವಿಲ್ಲ ಎನ್ನಲು ನಾವು ಅಜಗಜಾಂತರ ಎನ್ನುತ್ತೇವೆ. ಆಡಿಗೂ ಆನೆಗೂ ಇರುವಷ್ಟು ದೂರ. ಆದರೆ ಪ್ರಾಣಿಶಾಸ್ತ್ರ ಓದಿದವನ ಕಣ್ಣಿಗೆ ಆಡು, ಆನೆ ಎರಡೂ ಒಂದೇ ಮನೆತನದ ದಾಯಾದಿಗಳು. ಎರಡಕ್ಕೂ ಬೆನ್ನೆಲುಬಿದೆ, ಎರಡೂ ಮರಿಗೆ ಹಾಲೂಡುತ್ತವೆ. ಬಸವನಹುಳುವಿನ ವಂಶ ಮತ್ತು ಉಡದ ವಂಶ ಕವಲೊಡೆದದ್ದು 50 ಕೋಟಿ ವರ್ಷಕ್ಕೂ ಹಿಂದೆ. ಒಂದಕ್ಕೆ ಎಲುಬೇ ಇಲ್ಲ, ಇನ್ನೊಂದು ಎಲುಬು, ಉಗುರು, ಬಾಲದಿಂದಲೇ ಬದುಕುವ ಪ್ರಾಣಿ. ಅಜಗಜಾಂತರವನ್ನೂ ಮೀರಿದ ಅಂತರ ಇದು. ಹೋಲಿಸಬಾರದ್ದನ್ನು ಹೋಲಿಸಲು ಹೊರಟಿದ್ದೇನೆ ಎಂಬ ಆಪಾದನೆಯನ್ನು ಒಪ್ಪಿಕೊಂಡೇ ಶುರು ಮಾಡುತ್ತೇನೆ.

ಆದರೆ ಒಂದು ಕಡೆ ಇವೆರಡೂ ಸೇರುತ್ತವೆ. ಎರಡೂ ಹಲ್ಲಿಗೆ ಕಬ್ಬಿಣ ಹಾಕಿಕೊಂಡಿವೆ. ಮಾತಿನ ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾದ ಕಬ್ಬಿಣ. ಈ ಇಬ್ಬರು ಕಮ್ಮಾರರಲ್ಲಿ ಕಸಬು ಯಾರಿಗೆ ಚೆನ್ನಾಗಿ ಬರುತ್ತದೆ ಎಂಬುದೇ ಇವತ್ತಿನ ಪಂಚಾಯಿತಿ. ಉದ್ಯಮಬಾಗದ ಫೌಂಡ್ರಿಗಳಲ್ಲಿ, ಹೊನಗಾದ ಕಾರ್ಖಾನೆಗಳಲ್ಲಿ ದಿನಾ ಕಬ್ಬಿಣದ ಜೊತೆ ಗುದ್ದಾಡುವವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಇದನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಸಭೆ ನನಗೆ ಸಿಗಲಾರದು.

ಮೊದಲು ಇದನ್ನು ನೋಡಿ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಕೊಂಡ ಕವಡೆ. ಜೋಗತಿಯರ ಕೊರಳಲ್ಲಿ, ಗೊಂದಲಿಗರ ಮಾಲೆಯಲ್ಲಿ, ಅಜ್ಜಿಯರ ಚೌಕಾಬಾರದ ಮಣೆಯಲ್ಲಿ ಇದನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ಇಲ್ಲ. ಕಡಲಿಂದ ಇಷ್ಟು ದೂರದ ಬಯಲಲ್ಲಿ ದೇವಿಯ ಒಡವೆಯಾಗಿ ಕೂತಿರುವ ಇದು ಒಂದು ಕಡಲ ಬಸವನಹುಳುವಿನ ಮನೆ. ಇದರ ಬಾಯನ್ನು ನೋಡಿ. ಎರಡೂ ದಂಡೆಗಳಲ್ಲಿ ಹತ್ತು-ಹನ್ನೆರಡು ಹಲ್ಲುಗಳು ಎದುರುಬದುರು ಕೂತು ನಗುತ್ತಿವೆ. ಚಿಕ್ಕಂದಿನಲ್ಲಿ ಇದರೊಳಗೆ ಬೆರಳು ತೂರಿಸಲು ನನಗೆ ಹೆದರಿಕೆಯಾಗುತ್ತಿತ್ತು.

ಇವು ಹಲ್ಲಲ್ಲ. ಚಿಪ್ಪಿನ ಅಂಚು ಹಾಗೆ ಮಡಚಿಕೊಂಡಿದೆ, ಅಷ್ಟೆ. ಹುಳು ಇದರಿಂದ ಏನನ್ನೂ ಕಡಿಯುವುದಿಲ್ಲ. ಅದರ ಅಸಲಿ ಹಲ್ಲು ಒಳಗಿನ ಮೆತ್ತನೆಯ ಮಾಂಸದಲ್ಲಿತ್ತು, ಮಾಂಸದ ಜೊತೆಗೇ ಹೋಯಿತು. ನಾವು ಎಷ್ಟೋ ತಲೆಮಾರಿನಿಂದ ಮನೆಯ ಹೊಸ್ತಿಲನ್ನು ನೋಡಿ ಯಜಮಾನನ ಹಲ್ಲು ಎಂದುಕೊಂಡಿದ್ದೇವೆ.

ಅಸಲಿ ಹಲ್ಲು ಹೇಗಿರುತ್ತದೆ? ಬಹುತೇಕ ಎಲ್ಲ ಬಸವನಹುಳುಗಳ ಬಾಯಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ. ಶಾಸ್ತ್ರದಲ್ಲಿ ರಾಡುಲಾ ಎನ್ನುತ್ತಾರೆ, ನಾನು ಹಲ್ಲುಪಟ್ಟಿ ಎನ್ನುತ್ತೇನೆ. ಪಟ್ಟಿಯ ಮೇಲೆ ಸಾಲು ಸಾಲಾಗಿ ಕೂದಲಿಗಿಂತ ಸಣ್ಣ ಹಲ್ಲುಗಳು. ವರ್ಕ್‌ಶಾಪಿನವರಿಗೆ ಒಂದೇ ಮಾತಲ್ಲಿ ಹೇಳುವುದಾದರೆ, ಅದೊಂದು ಬಾಗುವ ಕಾನಸ. ಹುಳು ಅದನ್ನು ಹೊರಚಾಚಿ ಬಂಡೆಗೆ ಒತ್ತಿ ಎಳೆಯುತ್ತದೆ, ಬಂಡೆಯ ಮೇಲಿನ ಪಾಚಿ ಕೆರೆದು ಬರುತ್ತದೆ. ಮಳೆಗಾಲದಲ್ಲಿ ನಿಮ್ಮ ಹಿತ್ತಲಿನ ಸೊಪ್ಪನ್ನು ತೂತು ಮಾಡುವ ಶಂಖದ ಹುಳುವಿನದೂ ಇದೇ ಉಪಕರಣ. ಸೊಪ್ಪು ಮೆತ್ತಗೆ, ಆದ್ದರಿಂದ ಅದಕ್ಕೆ ಬರಿ ಹಲ್ಲು ಸಾಕು. ಬಂಡೆ ಕೆರೆದು ತಿನ್ನುವವನಿಗೆ ಸಾಲದು.

ಬಂಡೆ ಕೆರೆಯುವವನನ್ನು ನೋಡಬೇಕಾದರೆ ಚೋರ್ಲಾ ಘಾಟು ಇಳಿದು ಗೋವೆಗೋ, ಕಾರವಾರದ ಕಡೆಗೋ ಹೋಗಬೇಕು. ಇಳಿತದ ಹೊತ್ತಿಗೆ ಹೋಗಿ. ನೀರು ಸರಿದ ಕಪ್ಪು ಬಂಡೆಗಳ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ, ಚೂಪು ಟೋಪಿಯಂಥ ಚಿಪ್ಪುಗಳು ಅಂಟಿಕೊಂಡಿರುತ್ತವೆ. ಇಂಗ್ಲಿಷಿನವರು ಲಿಂಪೆಟ್ ಎನ್ನುತ್ತಾರೆ. ಸುರುಳಿ ಇಲ್ಲದ್ದರಿಂದ ಬಸವನಹುಳು ಎಂದು ಗುರುತು ಸಿಗುವುದಿಲ್ಲ, ಆದರೆ ಅದೇ ಜಾತಿ. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ಸ್ವಲ್ಪ ಅಲುಗೀತು. ಒಮ್ಮೆ ಮುಟ್ಟಿ ಎಚ್ಚರಿಸಿದಿರೋ, ಆಮೇಲೆ ಚಾಕು ತಂದರೂ ಕದಲದು. ಬಂಡೆಯ ಮೇಲೆ ಕೆಲವು ಕಡೆ ಕೋಳಿ ಕೆದರಿದ ಹಾಗೆ ಓರೆಕೋರೆ ಗೆರೆಗಳು ಕಾಣುತ್ತವೆ, ಅವು ಇದರ ಹಲ್ಲಿನ ಗುರುತು. ಇದರ ಜಾತಿಯ ಎಷ್ಟೋ ಹುಳುಗಳು ನೀರೇರಿದಾಗ ಮೇಯಲು ಹೋಗಿ, ಮತ್ತೆ ತಮ್ಮ ತಮ್ಮ ಜಾಗಕ್ಕೇ ಬಂದು ಕೂರುತ್ತವೆ. ಕೂತು ಕೂತು ಚಿಪ್ಪಿನ ಅಂಚಿನ ಅಳತೆಗೆ ಬಂಡೆಯಲ್ಲೇ ಗುಳಿ ಬಿದ್ದಿರುತ್ತದೆ.

1962ರಲ್ಲಿ ಹೈನ್ಸ್ ಲೋವೆನ್‌ಸ್ಟಾಮ್ ಎಂಬ ವಿಜ್ಞಾನಿ ಈ ಹಲ್ಲುಗಳನ್ನು ಪರೀಕ್ಷಿಸಿದರು. ಅದರಲ್ಲಿ ಸಿಕ್ಕ ಖನಿಜದ ಹೆಸರು ಗೊಯಥೈಟ್. ಕಬ್ಬಿಣ, ಆಮ್ಲಜನಕ, ಜಲಜನಕ ಸೇರಿದ ಅದಿರು. ಸಾಹಿತ್ಯದ ಸಭೆಗಳಲ್ಲಿ ಈ ಹೆಸರು ಬಂದಾಗ ಕಿವಿ ನಿಮಿರಬೇಕು, ಏಕೆಂದರೆ ಇದು ಜರ್ಮನಿಯ ಮಹಾಕವಿ ಗಯಟೆಯ ಹೆಸರು. ಶಾಕುಂತಲವನ್ನು ಅನುವಾದದಲ್ಲಿ ಓದಿ ಹಿಗ್ಗಿದವನು ಎಂದು ನಾವು ಮೇಷ್ಟ್ರುಗಳು ಪಾಠ ಮಾಡುವ ಅದೇ ಗಯಟೆ. ಆತ ವೈಮಾರ್ ಸಂಸ್ಥಾನದಲ್ಲಿ ಮಂತ್ರಿ. ಇಲ್ಮೆನಾವ್ ಎಂಬಲ್ಲಿಯ ಗಣಿ ಅವನ ಉಸ್ತುವಾರಿಯಲ್ಲಿತ್ತು. ಕಲ್ಲು ಕೂಡಿಹಾಕುವ ಹುಚ್ಚು ಬೇರೆ, ಅವನ ಸಂಗ್ರಹದಲ್ಲಿ 17,000ಕ್ಕೂ ಹೆಚ್ಚು ಮಾದರಿಗಳಿದ್ದವು. ಹಾಗಾಗಿ 1806ರಲ್ಲಿ ಈ ಅದಿರಿಗೆ ಅವನ ಹೆಸರಿಟ್ಟರು. ನಮ್ಮಲ್ಲಿ ಕವಿಗಳ ಹೆಸರನ್ನು ಸರ್ಕಲ್ಲಿಗೆ ಇಡುತ್ತೇವೆ. ಅದಿರಿಗೆ ಇಟ್ಟರೆ ಯಾವುದೋ ಹುಳುವಿನ ಹಲ್ಲಿನಲ್ಲಿ ಚಿರಂಜೀವಿಯಾಗಿ ಉಳಿಯಬಹುದು.

ಗೊಯಥೈಟ್ ಎಂದರೆ ದೂರದೇಶದ ವಸ್ತು ಎಂದುಕೊಳ್ಳಬೇಡಿ. ಖಾನಾಪುರ, ಜಾಂಬೋಟಿ ಕಡೆ ಜಂಬಿಟ್ಟಿಗೆ ಕಲ್ಲು ಕಡಿಯುವುದನ್ನು ನೋಡಿದ್ದೀರಲ್ಲ, ಹೊಸದಾಗಿ ಕಡಿದ ಮೈಯಲ್ಲಿ ಕೆಂಪಿನ ನಡುವೆ ಅರಿಶಿನದಂಥ ಹಳದಿ ಮಚ್ಚೆಗಳಿರುತ್ತವೆ. ಆ ಹಳದಿ ಬಹುಮಟ್ಟಿಗೆ ಗೊಯಥೈಟ್. ಕೆಂಪು ಇರುವುದು ಹೆಮಟೈಟ್. ಹಳದಿಯನ್ನು ಮುನ್ನೂರು ಡಿಗ್ರಿಯ ಆಚೀಚೆ ಕಾಸಿದರೆ ಅದರೊಳಗಿನ ನೀರು ಹಾರಿ ಕೆಂಪಾಗುತ್ತದೆ. ಖಾನಾಪುರದ ಕುಂಬಾರರು ಇದನ್ನು ಪುಸ್ತಕ ಓದದೆಯೇ ಬಲ್ಲರು. ಮಡಕೆ, ಹೆಂಚು, ಇಟ್ಟಿಗೆಗೆ ಹೆಸರಾದ ಊರು ಅದು, ಖಾದಿ ಗ್ರಾಮೋದ್ಯೋಗದವರು ಕುಂಬಾರಿಕೆಯ ಸಂಸ್ಥೆಯನ್ನು ಅಲ್ಲಿಟ್ಟಿರುವುದು ಸುಮ್ಮನೆ ಅಲ್ಲ. ಭಟ್ಟಿಗೆ ಇಡುವಾಗ ಹಳದಿಯೋ ಕಂದೋ ಆಗಿದ್ದ ಹೆಂಚು, ಹೊರಗೆ ತೆಗೆದಾಗ ಕೆಂಪು. ಅಂದರೆ ಬಸವನಹುಳುವಿನ ಹಲ್ಲಿನ ಸರಕು ನಮ್ಮ ಕಾಲಕೆಳಗೇ ಬಿದ್ದಿದೆ. ಅದನ್ನು ನಾವು ಸುಟ್ಟು ಮಾಡಿಗೆ ಹೊದಿಸುತ್ತೇವೆ, ಹುಳು ಸುಡದೆ, ಕುಲುಮೆ ಇಲ್ಲದೆ, ತಣ್ಣೀರಿನಲ್ಲಿ ಕೂತು ಹಲ್ಲು ಮಾಡಿಕೊಳ್ಳುತ್ತದೆ.

ಹೇಗೆ ಮಾಡಿಕೊಳ್ಳುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಕಸಬುದಾರರಿಗೆ ಇಲ್ಲಿ ಸ್ವಾರಸ್ಯವಿದೆ. ಹಲ್ಲುಪಟ್ಟಿ ಹಿಂದಿನಿಂದ ಬೆಳೆಯುತ್ತ ಮುಂದೆ ಸರಿಯುತ್ತದೆ. ಕನ್ವೇಯರ್ ಬೆಲ್ಟ್ ಇದ್ದ ಹಾಗೆ. ಹಿಂಬದಿಯಲ್ಲಿ ಹುಟ್ಟಿದ ಹಲ್ಲು ಮೊದಲು ಬರೀ ಕೈಟಿನ್, ಅಂದರೆ ಸೀಗಡಿಯ ಸಿಪ್ಪೆಯ ಸರಕು, ಮೆತ್ತಗೆ, ಬಣ್ಣವಿಲ್ಲದ್ದು. ಅದು ಮುಂದೆ ಸರಿಯುತ್ತಿದ್ದಂತೆ ಒಳಗಿನಿಂದ ಕಬ್ಬಿಣ ಬಂದು ಕೈಟಿನ್ ಎಳೆಗಳ ನಡುವೆ ಅತಿ ಸಣ್ಣ ಗೊಯಥೈಟ್ ನಾರುಗಳಾಗಿ ಕೂರುತ್ತದೆ. ಬಾಯಿಯ ತುದಿ ಮುಟ್ಟುವ ಹೊತ್ತಿಗೆ ಹಲ್ಲು ಕಂದುಗಪ್ಪು, ಗಟ್ಟಿ. ಬಂಡೆ ಕೆರೆದು ಮುಂದಿನ ಸಾಲು ಸವೆದು ಉದುರಿದರೆ ಹಿಂದಿನ ಸಾಲು ಕೆಲಸಕ್ಕೆ ಸಿದ್ಧ. ಪಟ್ಟಿಯನ್ನು ಬಿಡಿಸಿ ಅಳೆದರೆ ಚಿಪ್ಪಿನ ಉದ್ದವನ್ನೂ ಮೀರುತ್ತದೆ. ಸಿ.ಎನ್.ಸಿ. ಮಷಿನ್ ನಡೆಸುವ ಹುಡುಗರಿಗೆ ಇದು ಕೂಡಲೇ ಹೊಳೆಯುತ್ತದೆ. ಕಾರ್ಬೈಡ್ ಇನ್ಸರ್ಟ್ ಸವೆದರೆ ಮಸೆಯುತ್ತ ಕೂರುತ್ತೀರಾ? ಕಳಚಿ ಹೊಸದು ಹಾಕುತ್ತೀರಿ. ಹುಳು ಆ ಬುದ್ಧಿಯನ್ನು ನಮಗಿಂತ ಎಷ್ಟೋ ಕೋಟಿ ವರ್ಷ ಮೊದಲೇ ಕಲಿತಿತ್ತು.

ಈ ಹಲ್ಲು ಎಷ್ಟು ಗಟ್ಟಿ ಎಂದು 2015ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಏಸಾ ಬಾರ್ಬರ್ ಮತ್ತು ಸಂಗಡಿಗರು ಅಳೆದರು. ಹಲ್ಲಿನಿಂದ ಕೂದಲಿಗಿಂತಲೂ ಬಹಳ ತೆಳುವಾದ ಚೂರು ಕತ್ತರಿಸಿ, ಎರಡು ತುದಿ ಹಿಡಿದು ಹರಿಯುವವರೆಗೆ ಎಳೆದರು. ಸಿಕ್ಕ ಲೆಕ್ಕ 3ರಿಂದ 6.5 ಗಿಗಾಪಾಸ್ಕಲ್. ಅಲ್ಲಿಯವರೆಗೆ ಜೀವಿಗಳು ಮಾಡಿದ ವಸ್ತುಗಳಲ್ಲಿ ಜೇಡರ ಬಲೆಯ ಎಳೆಯೇ ಗಟ್ಟಿ ಎಂಬ ಮಾತಿತ್ತು, ಹುಳುವಿನ ಹಲ್ಲು ಅದನ್ನು ಹಿಂದೆ ಹಾಕಿತು. ಗಿಗಾಪಾಸ್ಕಲ್ ಎಂದರೆ ತಲೆಗೆ ಹತ್ತುವುದಿಲ್ಲ, ಸಕ್ಕರೆ ಕಾರ್ಖಾನೆಗಳ ಜಿಲ್ಲೆಯಲ್ಲಿ ಸಕ್ಕರೆ ಚೀಲದಲ್ಲೇ ಲೆಕ್ಕ ಹಾಕೋಣ. ಒಂದು ಚದರ ಮಿಲಿಮೀಟರ್ ದಪ್ಪದ ತಂತಿ ತೆಗೆದುಕೊಳ್ಳಿ. ಸಾಧಾರಣ ಎಂ.ಎಸ್. ಕಬ್ಬಿಣದ್ದಾದರೆ 40 ಕಿಲೋ ಆಸುಪಾಸಿಗೆ ಹರಿದೀತು. ಐವತ್ತು ಕಿಲೋದ ಒಂದು ಚೀಲವನ್ನೂ ತಡೆಯದು. ಅಷ್ಟೇ ದಪ್ಪದ ತಂತಿಯನ್ನು ಈ ಹಲ್ಲಿನ ಸರಕಿನಿಂದ ಮಾಡಲು ಸಾಧ್ಯವಾದರೆ, ಸರಾಸರಿ ಲೆಕ್ಕದಲ್ಲಿ 10 ಚೀಲ ತೂಗೀತು. ಸಾಧ್ಯವಾದರೆ ಎಂದೆ. ಈವರೆಗೆ ಅಂಥ ತಂತಿ ಬಜಾರಿಗೆ ಬಂದಿಲ್ಲ.

ಇನ್ನು ಉಡ.

ನಮ್ಮ ಉಡ ಮೊದಲು. ಖಾನಾಪುರದ ಕಾಡಂಚಿನ ಹೊಲಗಳಲ್ಲಿ, ಭೀಮಗಡದ ಕಡೆ, ಕಾಕತಿ ಗುಡ್ಡದ ಕಲ್ಲುಪೊಟರೆಗಳಲ್ಲೂ ಇರಬಲ್ಲ ಪ್ರಾಣಿ. ಮೂತಿಯಿಂದ ಬಾಲದ ತುದಿಗೆ ಐದು ಅಡಿ ದಾಟಿದರೆ ಅದು ದೊಡ್ಡದು. ಜೀರುಂಡೆ, ಹುಳು, ಏಡಿ, ಮೊಟ್ಟೆ, ಇಲಿ ಇದರ ಊಟ. ನೆಲದ ಬಸವನಹುಳುವನ್ನೂ ಚಿಪ್ಪುಸಮೇತ ನುಂಗುತ್ತದೆ. ಹೋಲಿಕೆಯ ಎರಡು ಪಕ್ಷಗಳು ಒಂದೇ ಹೊಟ್ಟೆಯಲ್ಲಿ ಸೇರುವುದೂ ಉಂಟು, ಆದರೆ ಅದನ್ನು ಹೋಲಿಕೆ ಎನ್ನಲಾಗದು. ಹುತ್ತದ ಗೋಡೆ ಅಗೆದು ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತದೆ, ಮರಿ ಹೊರಬರಲು ತಿಂಗಳುಗಟ್ಟಲೆ ಬೇಕು.

ಉಡ ಎಂದರೆ ನಮಗೆ ಹಿಡಿತ. ಹಟ ಹಿಡಿದವನನ್ನು ಉಡದ ಪಟ್ಟು ಹಿಡಿದ ಎನ್ನುತ್ತೇವೆ. ಸ್ವಾರಸ್ಯ ನೋಡಿ, ಇಂಗ್ಲಿಷರು ಇದೇ ಮಾತಿಗೆ ಬಂಡೆಯ ಆ ಟೋಪಿ ಹುಳುವನ್ನೇ ಉಪಮೆ ಕೊಡುತ್ತಾರೆ. ಕಡಲ ದಂಡೆಯವರಿಗೆ ಬಸವನಹುಳು, ಗುಡ್ಡದವರಿಗೆ ಉಡ. ಮರಾಠಿಯಲ್ಲಿ ಉಡಕ್ಕೆ ಘೋರಪಡ. ತಾನಾಜಿ ಮಾಲುಸರೆ 1670ರಲ್ಲಿ ಕೊಂಡಾಣಾ ಕೋಟೆ ಹತ್ತಿದ್ದು ಹಗ್ಗ ಕಟ್ಟಿದ ಉಡವನ್ನು ಗೋಡೆಗೆ ಬಿಟ್ಟು ಎಂಬ ಲಾವಣಿಯ ಕಥೆ ಬೆಳಗಾವಿಯಲ್ಲಿ ಕನ್ನಡದವರಿಗೂ ಗೊತ್ತು, ಮರಾಠಿಯವರಿಗೂ ಗೊತ್ತು. ಆ ಉಡದ ಹೆಸರು ಯಶವಂತಿಯಂತೆ. ಅದಕ್ಕೂ ಇನ್ನೂರು ವರ್ಷ ಮೊದಲು, ಬಹಮನಿಗಳ ಕಾಲದಲ್ಲಿ, ಖೇಳಣಾ ಕೋಟೆಯನ್ನು ಹೀಗೇ ಹತ್ತಿದವರಿಗೆ ಘೋರ್ಪಡೆ ಎಂಬ ಬಿರುದು ಬಂತು ಎನ್ನುತ್ತಾರೆ. ಮುಧೋಳದ, ಗಜೇಂದ್ರಗಡದ, ಸಂಡೂರಿನ ಘೋರ್ಪಡೆಗಳ ಹೆಸರಿನ ಕಥೆ ಇದು. ಆರೇಳು ಕಿಲೋದ ಪ್ರಾಣಿ ಅರವತ್ತು ಕಿಲೋದ ಸೈನಿಕನನ್ನು ತಡೆಯುತ್ತದೆಯೇ? ತಡೆಯದು. ಸಂದಿಯಲ್ಲಿ ಮೈ ಉಬ್ಬಿಸಿ ಉಗುರು ಊರಿದ ಉಡವನ್ನು ಎಳೆದು ತೆಗೆಯುವುದು ಕಷ್ಟ ಎಂಬುದು ಮಾತ್ರ ನಿಜ. ಆ ನಿಜದ ಮೇಲೆ ಕಥೆ ಕೋಟೆ ಕಟ್ಟಿಕೊಂಡಿದೆ. ನಾನು ಕಥೆ ಕೆಡವಲು ಬಂದವನಲ್ಲ. ಆದರೆ ಉಡದ ಹೆಸರಿನ ಮನೆತನ ಆಳಿದ ಸಂಡೂರು ಕಬ್ಬಿಣದ ಅದಿರಿಗೇ ಹೆಸರಾದದ್ದು, 1954ರಲ್ಲಿ ಅದೇ ಮನೆತನ ಅಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕಂಪನಿ ಶುರುಮಾಡಿದ್ದು, ಆ ಮನೆತನದ ಎಂ.ವೈ. ಘೋರ್ಪಡೆಯವರು ರಾಜಕಾರಣಿಯಾಗಿದ್ದಷ್ಟೇ ಒಳ್ಳೆಯ ವನ್ಯಜೀವಿ ಛಾಯಾಗ್ರಾಹಕರೂ ಆಗಿದ್ದದ್ದು, ಇವೆಲ್ಲ ಇವತ್ತಿನ ವಿಷಯಕ್ಕೆ ಯಾರೋ ಬೇಕೆಂದೇ ಹೊಂದಿಸಿಟ್ಟ ಹಾಗಿವೆ.

ದೈತ್ಯ ಉಡ ಎಂದರೆ ಇಂಡೋನೇಷ್ಯಾದ ಕೊಮೊಡೊ. ಕೊಮೊಡೊ, ರಿಂಚಾ, ಫ್ಲೋರೆಸ್ ಮುಂತಾದ ಕೆಲವೇ ದ್ವೀಪಗಳಲ್ಲಿರುವ ಪ್ರಾಣಿ. ಶಾಸ್ತ್ರಲೋಕಕ್ಕೆ ಪರಿಚಯವಾದದ್ದು ತೀರ ಇತ್ತೀಚೆಗೆ, 1912ರಲ್ಲಿ, ಜಾವಾದ ವಸ್ತುಸಂಗ್ರಹಾಲಯದ ಪೀಟರ್ ಔವೆನ್ಸ್ ಅವರ ಬರಹದಿಂದ. ಹತ್ತು ಅಡಿವರೆಗೆ ಬೆಳೆಯುತ್ತದೆ, ದೊಡ್ಡ ಗಂಡು 70–90 ಕಿಲೋ ತೂಗುತ್ತದೆ. ಜಿಂಕೆ, ಹಂದಿ, ಒಮ್ಮೊಮ್ಮೆ ಕೋಣವನ್ನೂ ಕೆಡವುತ್ತದೆ. ಅಷ್ಟು ದೊಡ್ಡ ಉಡ ನಮ್ಮ ದೇಶದಲ್ಲಿ ಇರಲೇ ಇಲ್ಲವೆಂದಲ್ಲ. ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕ ದೈತ್ಯ ಉಡವೊಂದರ ಪಳೆಯುಳಿಕೆಗೆ 1868ರಲ್ಲೇ ಹ್ಯೂ ಫಾಲ್ಕನರ್ ಹೆಸರಿನಲ್ಲಿ ವಿವರಣೆ ಪ್ರಕಟವಾಗಿದೆ.

ಕೊಮೊಡೊ ಕಚ್ಚಿದರೆ ಪ್ರಾಣಿ ಯಾಕೆ ಸಾಯುತ್ತದೆ ಎಂಬುದರ ಬಗ್ಗೆ ಬಹಳ ದಿನ ಒಂದು ಮಾತು ನಡೆದಿತ್ತು. ಅದರ ಬಾಯಿ ಕೊಳಕು, ಜೊಲ್ಲಿನಲ್ಲಿ ಭಯಂಕರ ಬ್ಯಾಕ್ಟೀರಿಯಾ, ಗಾಯ ಕೊಳೆತು ಸಾಯುತ್ತದೆ ಎಂದು. ದ್ವೀಪದಲ್ಲೇ ಬಿಡಾರ ಹೂಡಿ ಅಧ್ಯಯನ ಮಾಡಿದ ವಾಲ್ಟರ್ ಔಫೆನ್‌ಬರ್ಗ್ ಅವರ 1981ರ ಪುಸ್ತಕದಿಂದ ಅದಕ್ಕೆ ಬಲ ಬಂತು. ನಾನೂ ಇಪ್ಪತ್ತು ವರ್ಷ ಮಕ್ಕಳಿಗೆ ಹಾಗೇ ಹೇಳಿದೆ. ಆ ಮಕ್ಕಳಲ್ಲಿ ಯಾರಾದರೂ ಇಲ್ಲಿದ್ದರೆ ಕ್ಷಮಿಸಬೇಕು. 2009ರಲ್ಲಿ ಬ್ರಯಾನ್ ಫ್ರೈ ಮತ್ತು ಸಂಗಡಿಗರು ಅದರ ಕೆಳದವಡೆಯಲ್ಲಿ ವಿಷಗ್ರಂಥಿಗಳನ್ನು ತೋರಿಸಿದರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸರಕು ಅದರಲ್ಲಿದೆ. 2013ರಲ್ಲಿ ಬಾಯಿಯ ಬ್ಯಾಕ್ಟೀರಿಯಾ ಪರೀಕ್ಷೆಯಾದಾಗ ಬೇರೆ ಮಾಂಸಾಹಾರಿಗಳಿಗಿಂತ ವಿಶೇಷವೇನೂ ಸಿಗಲಿಲ್ಲ. ವಿಷಕ್ಕಿಂತ ಮೊದಲು ಕೆಲಸ ಮಾಡುವುದು ಹಲ್ಲು. ಅದು ಕಚ್ಚಿ ಸುಮ್ಮನಿರುವುದಿಲ್ಲ, ಕಚ್ಚಿ ಹಿಂದಕ್ಕೆ ಎಳೆಯುತ್ತದೆ, ಮಾಂಸ ಸೀಳುತ್ತದೆ.

ಆ ಹಲ್ಲನ್ನು ಹತ್ತಿರದಿಂದ ನೋಡೋಣ. ಹಿಂದಕ್ಕೆ ಬಾಗಿದೆ. ಅಂಚಿನಲ್ಲಿ ಸಣ್ಣ ಸಣ್ಣ ಕಕ್ಕು. ಜೋಳ ಕೊಯ್ಯುವವರಿಗೆ ಕುಡುಗೋಲಿನ ಕಕ್ಕು ಎಂದರೆ ವಿವರಿಸಬೇಕಿಲ್ಲ. ಕಕ್ಕು ಹೋದ ಕುಡುಗೋಲು ದಂಟನ್ನು ಎಳೆಯುತ್ತದೆ, ಕೊಯ್ಯುವುದಿಲ್ಲ. ಕಂಬಾರನ ಹತ್ತಿರ ಒಯ್ದು ಮತ್ತೆ ಕಕ್ಕು ಹಾಕಿಸಬೇಕು. ಕೊಮೊಡೊ ತನ್ನ ಕಕ್ಕು ಉಳಿಸಿಕೊಳ್ಳಲು ಏನು ಮಾಡುತ್ತದೆ? 2024ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಆರನ್ ಲಬ್ಲಾಂಕ್ ಮತ್ತು ಸಂಗಡಿಗರು ಪ್ರಕಟಿಸಿದ ಶೋಧ ಇದು: ಹಲ್ಲಿನ ತುದಿಯಲ್ಲಿ ಮತ್ತು ಕಕ್ಕಿನ ಅಂಚಿನಲ್ಲಿ ಮಾತ್ರ ಕಿತ್ತಳೆ ಬಣ್ಣದ ಒಂದು ತೆಳು ಲೇಪವಿದೆ, ಅದರಲ್ಲಿ ಕಬ್ಬಿಣ ದಟ್ಟವಾಗಿ ಕೂತಿದೆ. ಬೇಟೆಯ ರಕ್ತ ಅಂಟಿ ಬಂದ ಕಲೆ ಇರಬಹುದು ಎಂದು ನಿಮಗೆ ಅನಿಸಿದರೆ ಒಳ್ಳೆಯ ಪ್ರಶ್ನೆಯೇ. ಕಲೆಯಾಗಿದ್ದರೆ ಹಲ್ಲಿನ ಮೈಗೆಲ್ಲ ಹತ್ತಬೇಕಿತ್ತು. ಇದು ಸವೆಯುವ ಜಾಗವನ್ನೇ ಹುಡುಕಿ ಕೂತಿದೆ. ಬೇರೆ ಉಡಗಳ, ಮೊಸಳೆಗಳ ಹಲ್ಲಿನಲ್ಲೂ ಅಷ್ಟಿಷ್ಟು ಕಬ್ಬಿಣ ಉಂಟು, ಕಣ್ಣಿಗೆ ಕಾಣುವಷ್ಟು ಅಂಚಿಗೆ ಒತ್ತಿ ಹಚ್ಚಿಕೊಂಡದ್ದು ಕೊಮೊಡೊ.

ಡೈನೋಸಾರ್‌ಗಳಿಗೂ ಹೀಗೇ ಇತ್ತೇ ಎಂದು ಅವರು ಹುಡುಕಿದರು. ಉತ್ತರ ಸಿಗಲಿಲ್ಲ. ಕಾರಣ ನಮ್ಮ ಕೆಂಪು ಮಣ್ಣಿನವರಿಗೆ ಅರ್ಥವಾಗುವಂಥದ್ದು. ಕೋಟಿಗಟ್ಟಲೆ ವರ್ಷ ನೆಲದಲ್ಲಿ ಹೂತ ಹಲ್ಲಿಗೆ ಮಣ್ಣಿನ ಕಬ್ಬಿಣವೇ ಹತ್ತಿರುತ್ತದೆ. ಯಾವುದು ಹಲ್ಲಿನದು, ಯಾವುದು ಮಣ್ಣಿನದು ಎಂದು ಬಿಡಿಸುವುದು ಹೇಗೆ?

ಈಗ ಇಬ್ಬರು ಕಮ್ಮಾರರನ್ನು ಅಕ್ಕಪಕ್ಕ ಕೂರಿಸೋಣ. ಹುಳು ಹಲ್ಲನ್ನೇ ಕಬ್ಬಿಣದ ನಾರು ಹೆಣೆದು ಕಟ್ಟುತ್ತದೆ. ಉಡ ಅಂಚಿಗೆ ಮಾತ್ರ ಹಚ್ಚುತ್ತದೆ. ನಮ್ಮ ಹಳ್ಳಿಯ ಕಂಬಾರ ಕೊಡಲಿಯನ್ನು ಪೂರಾ ಉಕ್ಕಿನಿಂದ ಮಾಡುವುದಿಲ್ಲ, ಬಾಯಿಗೆ ಮಾತ್ರ ಉಕ್ಕು ಹಾಕುತ್ತಾನೆ. ಉಕ್ಕು ದುಬಾರಿ. ಉಡದ್ದೂ ಅದೇ ಲೆಕ್ಕ. ನನಗೆ ಇನ್ನೂ ಕುತೂಹಲ ಹುಟ್ಟಿಸಿದ್ದು ಲೇಪದ ಕೆಳಗಿನ ಎನಾಮಲ್. ಮನುಷ್ಯನ ದವಡೆ ಹಲ್ಲಿಗೆ ಎರಡು ಮಿಲಿಮೀಟರ್‌ನಷ್ಟು ದಪ್ಪದ ಎನಾಮಲ್ ಇರುತ್ತದೆ. ಕೊಮೊಡೊ ಹಲ್ಲಿನದು ಅದರ ನೂರರಲ್ಲೊಂದು ಪಾಲು. ಅಷ್ಟು ಜಿಪುಣತನ ಯಾಕೆ? ಒಂದು ಹಲ್ಲು ಬಾಯಲ್ಲಿರುವುದೇ ಸುಮಾರು 40 ದಿನ. ಆಮೇಲೆ ಹೊಸದು. ಒಸಡಿನೊಳಗೆ ಮುಂದಿನ ಹಲ್ಲುಗಳು ಸರದಿಯಲ್ಲಿ ಕೂತಿರುತ್ತವೆ. ಜಾತ್ರೆಗೆ ಹಾಕಿದ ಚಪ್ಪರಕ್ಕೆ ಯಾರಾದರೂ ಆರ್‌ಸಿಸಿ ಪಿಲ್ಲರ್ ಹಾಕುತ್ತಾರೆಯೇ? ನಮಗೆ ಜೀವಮಾನಕ್ಕೆ ಎರಡೇ ಜೊತೆ, ಎರಡನೆಯದು ಆರೇಳನೆಯ ವಯಸ್ಸಿಗೆ ಬರಲು ಶುರುವಾದದ್ದು ಎಪ್ಪತ್ತರವರೆಗೆ ಬರಬೇಕು. ನಮ್ಮ ಹಲ್ಲಿಗೆ ಕಬ್ಬಿಣದ ಕವಚವೂ ಇಲ್ಲ. ಕಬ್ಬಿಣದ ಕಡಲೆ ನಮಗೆ ಗಾದೆಯಾದದ್ದು ಸುಮ್ಮನೆ ಅಲ್ಲ.

ಕಬ್ಬಿಣದ ಹಲ್ಲು ನೋಡಲು ಕೊಮೊಡೊಗೆ ಹೋಗಬೇಕೆಂದೂ ಇಲ್ಲ. ಬೋನಿನಲ್ಲಿ ಬಿದ್ದ ಹೆಗ್ಗಣದ ಮುಂದಿನ ಹಲ್ಲು ನೋಡಿ, ಮುಂಭಾಗ ಕಿತ್ತಳೆ, ಹಿಂಭಾಗ ಬಿಳಿ. ಆ ಕಿತ್ತಳೆಯೂ ಕಬ್ಬಿಣವೇ. ಭೀಮಗಡದ ಮರಗಳ ಮೇಲಿನ ಕೆಂದಳಿಲಿನದೂ ಹಾಗೆಯೇ. ಬಿಳಿ ಭಾಗ ಬೇಗ ಸವೆಯುತ್ತದೆ, ಕಿತ್ತಳೆ ನಿಧಾನ. ಹಾಗಾಗಿ ಹಲ್ಲು ಉಳಿಯಂತೆ ತಾನೇ ಮಸೆದುಕೊಳ್ಳುತ್ತದೆ.

ನನ್ನ ತೀರ್ಪು ಹುಳುವಿನ ಕಡೆಗೆ. ಕೊಮೊಡೊ ಮಾಂಸ ಸೀಳುತ್ತದೆ, ಮಾಂಸ ಎಷ್ಟಾದರೂ ಮೆತ್ತಗೆ. ಹುಳು ಕೆರೆಯುವುದು ಬಂಡೆಯನ್ನು. ಉಡ ಲೇಪ ಹಚ್ಚುವ ಪೇಂಟರ್, ಹುಳು ಕಬ್ಬಿಣವನ್ನೇ ಹೆಣೆದು ಕಟ್ಟುವ ಮೇಸ್ತ್ರಿ.

ತೀರ್ಪು ಆದಮೇಲೂ ಒಂದು ಸಾಕ್ಷಿ ಉಳಿದಿದೆ. ಹಲ್ಲಿಗಲ್ಲ, ಮೈಗೇ ಕಬ್ಬಿಣ ಹೊದ್ದ ಇನ್ನೊಂದು ಕಡಲ ಬಸವನಹುಳು. 2001ರಲ್ಲಿ ಮಾರಿಷಸ್‌ನ ಆಗ್ನೇಯಕ್ಕೆ, ನಮ್ಮದೇ ಹಿಂದೂ ಮಹಾಸಾಗರದಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ ಸಿಕ್ಕಿತು. ಅಲ್ಲಿ ಕಡಲತಳದ ಬಿರುಕುಗಳಿಂದ ಕುದಿನೀರು ಕಪ್ಪು ಹೊಗೆಯಂತೆ ಏಳುತ್ತದೆ. ಈ ಹುಳುವಿನ ಪಾದದ ಸುತ್ತ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಪೊರೆಗಳಿವೆ. ಚಿತ್ರ ನೋಡಿದರೆ ಯಾರೋ ಉಡದ ಚರ್ಮ ತಂದು ಬಸವನಹುಳುವಿಗೆ ಕಟ್ಟಿದಂತಿದೆ. ಆ ಪೊರೆಗಳ ಮೇಲೆ, ಚಿಪ್ಪಿನ ಹೊರಮೈಯಲ್ಲಿ ಕಬ್ಬಿಣದ ಸಲ್ಫೈಡ್ ಲೇಪ. ಅಯಸ್ಕಾಂತಕ್ಕೆ ಅಂಟುತ್ತದೆ. ಅದರ ಅನ್ನ ಬೇಯಿಸುವವರೂ ಒಳಗೇ ಇದ್ದಾರೆ, ಅನ್ನನಾಳದ ಗ್ರಂಥಿಯಲ್ಲಿ ಮನೆಮಾಡಿರುವ ಬ್ಯಾಕ್ಟೀರಿಯಾ. ಇದೇ ಜಾತಿಯ ಹುಳು ಇನ್ನೊಂದು ಬಿರುಕಿನ ಬಳಿ ಕಬ್ಬಿಣವಿಲ್ಲದೆ ಬೆಳ್ಳಗಿದೆ. ಅಲ್ಲಿಯ ನೀರಿನಲ್ಲಿ ಕಬ್ಬಿಣ ಕಡಿಮೆ. ನೀರು ಕೊಟ್ಟದ್ದನ್ನು ಹೊದ್ದುಕೊಂಡಿದೆ, ಅಷ್ಟೆ.

ಆ ಬಿರುಕುಗಳ ಸುತ್ತ ತಾಮ್ರ, ಸತು, ಬಂಗಾರವೂ ಕೂಡಿರುತ್ತವೆ. 2016ರಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಂದಿಗೆ ಭಾರತ ಒಪ್ಪಂದ ಮಾಡಿಕೊಂಡು ಹಿಂದೂ ಮಹಾಸಾಗರದ ಏಣುಗಳಲ್ಲಿ 10,000 ಚದರ ಕಿಲೋಮೀಟರ್ ಜಾಗದಲ್ಲಿ 15 ವರ್ಷ ಇಂಥ ಅದಿರು ಹುಡುಕುವ ಹಕ್ಕು ಪಡೆದಿದೆ. ಹುಡುಕುವ ಹಕ್ಕು ಮಾತ್ರ, ತೋಡುವುದಲ್ಲ. 2019ರಲ್ಲಿ ಈ ಹುಳು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಿತು. ಆಳಕಡಲ ಗಣಿಗಾರಿಕೆಯ ಭಯದಿಂದ ಆ ಪಟ್ಟಿ ಸೇರಿದ ಮೊದಲ ಜೀವಿ ಅದು. ಎರಡು ವರ್ಷಕ್ಕೆ, 2021ರಲ್ಲಿ, ಕೊಮೊಡೊ ಕೂಡ ಅಳಿವಿನಂಚಿಗೆ ಬಂದಿದೆ ಎಂದು ಅದೇ ಪಟ್ಟಿ ಹೇಳಿತು, ಬಿಸಿಯೇರುವ ಭೂಮಿ, ಏರುವ ಕಡಲು ಕಾರಣ. ಸಂಡೂರಿನ ಗುಡ್ಡಗಳನ್ನು ಕಂಡವರು ಗಣಿ ಎಂಬ ಮಾತನ್ನು ಹಗುರವಾಗಿ ಆಡುವುದಿಲ್ಲ.

ಕೊನೆಗೆ ಮನೆ ಹತ್ತಿರದ ಮಾತು. ನಮ್ಮ ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿ ಅದು. ಹಿಡಿದರೆ, ಕೊಂದರೆ, ಮಾರಿದರೆ ಮೂರರಿಂದ ಏಳು ವರ್ಷ ಸೆರೆ. ಹಿಂದೆ ಕಂಜಿರಕ್ಕೆ ಇದರ ಚರ್ಮವನ್ನೇ ಬಿಗಿಯುತ್ತಿದ್ದರು, ಈಗ ಮೇಕೆ ಚರ್ಮದಲ್ಲಿ ಚೆನ್ನಾಗಿಯೇ ನುಡಿಯುತ್ತದೆ. ಆದರೆ ಇನ್ನೊಂದು ವ್ಯಾಪಾರ ನಿಂತಿಲ್ಲ. ಜಾತ್ರೆಗಳಲ್ಲಿ, ಈಗ ಮೊಬೈಲಿನಲ್ಲೂ, ‘ಹಾತಾ ಜೋಡಿ’ ಎಂಬ ವಸ್ತು ಮಾರುತ್ತಾರೆ. ಎರಡು ಪುಟ್ಟ ಕೈಗಳು ಮುಗಿದಂತಿರುವ ಒಣಗಿದ ಚೂರು. ಹಿಮಾಲಯದ ಬೇರು, ಗಲ್ಲಾಪೆಟ್ಟಿಗೆಯಲ್ಲಿ ಕುಂಕುಮ ಹಚ್ಚಿ ಇಟ್ಟರೆ ದುಡ್ಡು ಬರುತ್ತದೆ ಎನ್ನುತ್ತಾರೆ. 2017ರ ಹೊತ್ತಿಗೆ ತನಿಖೆ ನಡೆಸಿದವರು ಅದೇನೆಂದು ಬಯಲು ಮಾಡಿದ್ದಾರೆ. ಅದು ಗಂಡು ಉಡದ ಜನನಾಂಗ, ಕತ್ತರಿಸಿ ಒಣಗಿಸಿದ್ದು. ಈ ಊರಿನಲ್ಲಿ ಅಂಗಡಿ ಇಟ್ಟವರು ಬಹಳ ಜನ ಇದ್ದೀರಿ. ಲಕ್ಷ್ಮಿಗೆ ಕವಡೆ ಇಡಿ, ಶಂಖ ಇಡಿ, ಬೇಡ ಎನ್ನುವುದಿಲ್ಲ. ಹಾತಾ ಜೋಡಿ ಮಾತ್ರ ಕೊಳ್ಳಬೇಡಿ. ಅದು ಬೇರಲ್ಲ, ಉಡ.